ಅಮ್ಮನ ಗಂಟಲು

ನಮ್ಮ ಮನೆಯಲ್ಲಿ ಅಮ್ಮ ಇದ್ದದ್ದು ಹೊಸ್ತಿಲಿನ ಒಳಗೆ ಮಾತ್ರ. ಹೊಸ್ತಿಲು ದಾಟಿ ಚಾವಡಿಗೆ ಬಂದರೆ ಅಲ್ಲಿದ್ದವಳು ಟೀಚರ್. ಸೀರೆ ಅದೇ, ಕುತ್ತಿಗೆಯ ಕರಿಮಣಿ ಅದೇ, ಎಡಗೈಯ ಮೇಲಿನ ಸುಟ್ಟ ಕಲೆಯೂ ಅದೇ. ಆದರೆ ಅಂಗನವಾಡಿಯ ಮಕ್ಕಳು ಬರಲು ಸುರುವಾದ ಹೊತ್ತಿನಿಂದ ಅವರೆಲ್ಲ ಮನೆಗೆ ಹೋಗುವ ತನಕ ನಾನು ಅವಳನ್ನು ಅಮ್ಮ ಎಂದು ಕರೆಯುವಂತಿರಲಿಲ್ಲ. ಊರಿನಲ್ಲಿ ಅಂಗನವಾಡಿಗೆ ಕಟ್ಟಡ ಇರಲಿಲ್ಲ. ವೇಣೂರಿನಿಂದ ಮೂಡುಬಿದಿರೆಗೆ ಹೋಗುವ ಬಸ್ಸು ನಿಲ್ಲುವಲ್ಲೇ ನಮ್ಮ ಮನೆ ಇದ್ದದ್ದರಿಂದ, ಕಟ್ಟಡ ಆಗುವವರೆಗೆ ಎಂದು ಅಮ್ಮ ನಮ್ಮ ಚಾವಡಿಯನ್ನೇ ಬಿಟ್ಟುಕೊಟ್ಟಿದ್ದಳು. ಕಟ್ಟಡ ಆದದ್ದು ನಾನು ಹೈಸ್ಕೂಲು ಮುಗಿಸಿದ ಮೇಲೆ. ಅಷ್ಟರ ತನಕ ಅಜ್ಜನ ಪಟದ ಪಕ್ಕದಲ್ಲಿ ಹಣ್ಣುಗಳ ಪಟ, ಅದರ ಪಕ್ಕದಲ್ಲಿ ಕಾಡುಪ್ರಾಣಿಗಳ ಪಟ. ಮಾಡಿನ ತೊಲೆಯಿಂದ ಮಕ್ಕಳನ್ನು ತೂಗುವ ತಕ್ಕಡಿ. ಅಪ್ಪ ಮುಂಬಯಿಯ ಹೋಟೆಲೊಂದರಲ್ಲಿ ಇದ್ದರು, ಬೇಸಗೆಯಲ್ಲಿ ಬಂದು ಹೋಗುತ್ತಿದ್ದರು. ಬಂದಾಗಲೆಲ್ಲ ಆ ತಕ್ಕಡಿಗೆ ತಲೆ ಹೊಡೆಸಿಕೊಂಡು, ಇದು ಯಾರ ಮನೆ ಎಂದು ಕೇಳುತ್ತಿದ್ದರು. ಅಪ್ಪ ತಮಾಷೆಗೆ ಕೇಳುತ್ತಿದ್ದರು. ನನಗೆ ಅದು ತಮಾಷೆ ಅನಿಸುತ್ತಿರಲಿಲ್ಲ.

ಟೀಚರ್ ಎಂದೇ ಕರೆಯಬೇಕೆಂಬ ಕಾನೂನು ಮಾಡಿದವಳು ಅಮ್ಮನೇ. ಅದಕ್ಕೆ ಅವಳು ಕೊಟ್ಟ ಕಾರಣ ನನಗೆ ಇವತ್ತಿಗೂ ಬಾಯಿಪಾಠ. ನಮ್ಮ ಮನೆಮಾತು ತುಳು. ಇಲ್ಲಿ ಬರೆಯುವಾಗ ಕನ್ನಡವಾಗುತ್ತದೆ, ಅಷ್ಟೆ.

“ನೀನೊಬ್ಬಳು ಅಮ್ಮ ಅಂದ್ರೆ ಉಳಿದವರಿಗೆ ಅವರವರ ಅಮ್ಮನ ನೆನಪಾಗ್ತದೆ. ಮತ್ತೆ ಎಲ್ಲ ಒಟ್ಟಿಗೆ ಕೂಗ್ಲಿಕ್ಕೆ ಸುರು ಮಾಡ್ತಾರೆ. ನಿನಗೆ ಸಂಜೆಗೆ ನಾನು ಉಂಟಲ್ಲ?”

ಸಂಜೆಗೆ ಉಂಟು ಎನ್ನುವುದನ್ನು ನಂಬಿಕೊಂಡು ನಾನು ಇಡೀ ದಿನ ನಮ್ಮದೇ ಚಾವಡಿಯಲ್ಲಿ ಊರಿನ ಮಕ್ಕಳ ಜೊತೆ ಸಾಲಾಗಿ ಚಾಪೆಯ ಮೇಲೆ ಕೂರುತ್ತಿದ್ದೆ. ಒಂದನೇ ಕ್ಲಾಸಿಗೆ ಹೋಗುವ ಹಿಂದಿನ ವರ್ಷ ಅದು. ಟೀಚರ ಮಗಳೆಂದು ನನಗೆ ಏನಾದರೂ ಹೆಚ್ಚು ಸಿಗುತ್ತಿತ್ತು ಎಂದು ಯಾರಾದರೂ ತಿಳಿದಿದ್ದರೆ ಅದು ಶುದ್ಧ ಸುಳ್ಳು. ಉಪ್ಪಿಟ್ಟು ಬಡಿಸುವಾಗ ಕೊನೆಯ ತಟ್ಟೆ ನನ್ನದು, ತಳ ಹಿಡಿದ ಉಪ್ಪಿಟ್ಟೂ ನನ್ನದು. ತಕ್ಕಡಿಯಲ್ಲಿ ಕೂರುವಾಗ ಕೊನೆಗೆ ನಾನು. ಹಣ್ಣಿನ ಪಟ ತೋರಿಸಿ ಇದು ಏನು ಎಂದು ಅಮ್ಮ ಎಲ್ಲರನ್ನೂ ಕೇಳುತ್ತಿದ್ದಳು, ನನ್ನನ್ನು ಬಿಟ್ಟು. ಕೇಳಿದರೆ, ಮಗಳಿಗೆ ಮೊದಲೇ ಹೇಳಿಕೊಟ್ಟಿದ್ದಾಳೆ ಎಂದು ಊರವರು ಹೇಳಿಯಾರು ಎಂಬ ಹೆದರಿಕೆ ಅವಳಿಗೆ. ದ್ರಾಕ್ಷಿ, ದಾಳಿಂಬೆ, ಅನಾನಸು ಎಲ್ಲವೂ ನನ್ನ ನಾಲಗೆಯ ತುದಿಯಲ್ಲಿ ಇರುತ್ತಿದ್ದವು. ಅವನ್ನು ನುಂಗಿಕೊಂಡು ಸುಮ್ಮನೆ ಕೂರುವುದು ನನ್ನ ಕೆಲಸವಾಗಿತ್ತು.

ಇನ್ನು ಆ ಸಂಜೆಯ ವಿಷಯ. ಕೊನೆಯ ಮಗು ಅಂಗಳ ದಾಟುವ ಹೊತ್ತಿಗೆ ಅಮ್ಮನ ಗಂಟಲು ಪೂರ್ತಿ ಬಿದ್ದುಹೋಗಿರುತ್ತಿತ್ತು. ಬೆಳಗಿನಿಂದ ಹಾಡಿ, ಕತೆ ಹೇಳಿ, ಜಗಳ ಬಿಡಿಸಿ, ಬಸುರಿಯರಿಗೂ ಬಾಣಂತಿಯರಿಗೂ ಬುದ್ಧಿ ಹೇಳಿ ಅವಳ ಸ್ವರ ಸವೆದು ಹೋಗುತ್ತಿತ್ತು. ಮಾತು ಕಡಿಮೆ ಮಾಡಿ ಎಂದು ಮೂಡುಬಿದಿರೆಯ ಡಾಕ್ಟರು ಹೇಳಿದ್ದರು. ಹಾಗಾಗಿ ಅವಳು ಕಡಿಮೆ ಮಾಡಿದಳು, ನನ್ನ ಹತ್ತಿರ. ಕರಿಮೆಣಸಿನ ಕಷಾಯದ ಲೋಟ ಹಿಡಿದು ಅಡುಗೆಮನೆಯ ಮಣೆಯ ಮೇಲೆ ಕೂತರೆ ಮತ್ತೆ ಎಲ್ಲ ಕೈಸನ್ನೆ. ಎರಡು ಬೆರಳನ್ನು ಗಲ್ಲಕ್ಕೆ ಮುಟ್ಟಿಸಿದರೆ ಗಂಜಿಗೆ ಬಾ ಎಂದು. ಅಂಗೈ ತೆರೆದು ಮುಚ್ಚಿದರೆ ಕೋಳಿಗೂಡಿನ ಬಾಗಿಲು ಹಾಕು ಎಂದು. ಕಿವಿಯ ತುದಿ ಎಳೆದುಕೊಂಡರೆ, ಹೋಗಿ ಅಜ್ಜಿಗೆ ಹೇಳು ಎಂದು. ಎಲ್ಲ ಕೆಲಸ ಮುಗಿದ ಮೇಲೆ ಕಿರುಬೆರಳನ್ನು ಸ್ವಲ್ಪ ಮಡಿಸಿ ನನ್ನ ಕಡೆಗೆ ಚಾಚಿದರೆ, ಈಗ ಯಾರೂ ಇಲ್ಲ, ಬಂದು ಮಡಿಲಲ್ಲಿ ಕೂತುಕೋ ಎಂದು. ನಾನು ಹೋಗಿ ಆ ಬೆರಳು ಹಿಡಿದು ಕೂರುತ್ತಿದ್ದೆ. ಅಜ್ಜಿ, ಅಂದರೆ ಅಮ್ಮನ ಅಮ್ಮ, ಈ ಸನ್ನೆಗಳಲ್ಲಿ ಒಂದನ್ನೂ ಕಲಿಯಲಿಲ್ಲ. ಅಂಗನವಾಡಿಗೆ ಆಯಾ ಇರಲಿಲ್ಲವಾದ್ದರಿಂದ ಉಪ್ಪಿಟ್ಟು ಕಲಸುವುದು, ಗಂಜಿ ಬೇಯಿಸುವುದು ಎಲ್ಲ ಅಜ್ಜಿಯ ತಲೆಗೆ ಬಂದಿತ್ತು. ಆ ಸಿಟ್ಟಿಗೆ ಅವರು, ಊರಿನವರಿಗೆ ಬಾಯಿ, ಮನೆಯವರಿಗೆ ಕೈ ಎಂದು ಗೊಣಗುತ್ತಿದ್ದರು. ನನಗಂತೂ ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ ಅನಿಸುತ್ತಿತ್ತು. ಅಮ್ಮನ ಒಂದು ಕತೆ ಕೇಳಬೇಕಾದರೆ ಅದನ್ನು ಊರಿನ ಮಕ್ಕಳ ಜೊತೆ, ಅವರ ಮೂಗು ಸೋರುವ ಶಬ್ದದ ನಡುವೆ ಕೇಳಬೇಕಿತ್ತು. ನನಗೊಬ್ಬಳಿಗೆ ಅಂತ ಇಟ್ಟ ಸ್ವರವೇ ಅವಳಲ್ಲಿ ಇರಲಿಲ್ಲ.

ಇಷ್ಟನ್ನೂ ನಾನು ಹೇಗೋ ಸಹಿಸಿಕೊಳ್ಳುತ್ತಿದ್ದೆ. ಸಹಿಸಲು ಆಗದೆ ಹೋದದ್ದು ನಳಿನಿ ಬಂದ ಮೇಲೆ. ನಳಿನಿಯ ತಾಯಿ ಗುಲಾಬಿ ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲಿ ಇದ್ದಳು, ನಾನು ಗುಲಾಬಕ್ಕ ಎನ್ನುತ್ತಿದ್ದೆ. ಗಂಡ ಮಂಗಳೂರಿನ ಕಡೆ ಮೀನಿನ ಬೋಟಿನಲ್ಲಿ, ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಆ ಕಾಲಕ್ಕೆ ನಮ್ಮೂರಿನ ಮುಕ್ಕಾಲು ಹೆಂಗಸರ ಹಾಗೆ ಅವಳೂ ಬೀಡಿ ಕಟ್ಟುತ್ತಿದ್ದಳು. ಬೆಳಗಿನಿಂದ ರಾತ್ರಿಯ ತನಕ ಮಡಿಲಲ್ಲಿ ಬೀಡಿಯ ಸೂಪು, ಅಂದರೆ ಎಲೆ, ನೂಲು, ಹೊಗೆಸೊಪ್ಪು ಎಲ್ಲ ಇಟ್ಟುಕೊಳ್ಳುವ ಮೊರ. ಪಕ್ಕದಲ್ಲಿ ಮಗು. ಗುಲಾಬಕ್ಕ ಮೊದಲೇ ಮಾತು ಕಡಿಮೆಯವಳು, ಮನೆಯಲ್ಲಿ ಬೇರೆ ಜನವೂ ಇಲ್ಲ. ನಳಿನಿಗೆ ಮೂರು ತುಂಬಿದರೂ ಬಾಯಿಂದ ಒಂದು ಶಬ್ದ ಇಲ್ಲ. ಕಿವಿ ಸರಿ ಉಂಟೆಂದು ದೊಡ್ಡಾಸ್ಪತ್ರೆಯಲ್ಲಿ ನೋಡಿ ಹೇಳಿದ್ದರು. ಅಜ್ಜಿ ಬಜೆಬೇರನ್ನು ಜೇನಿನಲ್ಲಿ ತೇದು ಅವಳ ನಾಲಗೆಗೆ ಹಚ್ಚಿದರು, ತಿಮರೆ, ಅಂದರೆ ಒಂದೆಲಗದ ಚಟ್ನಿ ತಿನ್ನಿಸಿದರು, ಮಾತು ಬಂದರೆ ದೇವಸ್ಥಾನಕ್ಕೆ ಗಂಟೆ ಕಟ್ಟಿಸುತ್ತೇವೆಂದು ಗುಲಾಬಕ್ಕನಿಂದ ಹರಕೆ ಹೇಳಿಸಿದರು. ಅಮ್ಮ ಅಜ್ಜಿಗೆ ಎದುರಾಡಲಿಲ್ಲ. ಆದರೆ ಬೇರೆಯೇ ಒಂದು ಏರ್ಪಾಡು ಮಾಡಿದಳು.

ಮಧ್ಯಾಹ್ನ ಮಕ್ಕಳನ್ನು ಕರೆದುಕೊಂಡು ಹೋಗಲು ಬರುವ ತಾಯಂದಿರಿಗೆ, ಬರುವಾಗ ಸೂಪು ಹಿಡಿದುಕೊಂಡೇ ಬನ್ನಿ ಎಂದಳು. ಹೊಗೆಸೊಪ್ಪಿನ ಡಬ್ಬಿ ಮಾತ್ರ ಜಗಲಿಯ ಹೊರಗೆ ಇಡಬೇಕು, ಅದನ್ನು ತೆರೆಯುವ ಹಾಗಿಲ್ಲ. ನೆನೆಸಿದ ಎಲೆಯನ್ನು ತಗಡಿನ ಅಳತೆ ಇಟ್ಟು ಕತ್ತರಿಸುವ ಕೆಲಸ ಹೇಗೂ ಇರುತ್ತದೆ, ಅದನ್ನು ಇಲ್ಲೇ ಕೂತು ಮಾಡುವುದು, ಎದುರಿಗೆ ಮಗುವನ್ನು ಕೂರಿಸಿಕೊಳ್ಳುವುದು, ಕೈ ಮಾಡಿದ್ದನ್ನು ಬಾಯಿ ಹೇಳುತ್ತಾ ಹೋಗುವುದು. ಇದಕ್ಕೆ ನಮ್ಮಲ್ಲಿ ಎಲೆ ಹೊತ್ತು ಎಂದು ಹೆಸರು ಬಿತ್ತು. ಮೊದಮೊದಲು ಹೆಂಗಸರೆಲ್ಲ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಒಬ್ಬರಿಗೊಬ್ಬರು ಎಷ್ಟು ಬೇಕಾದರೂ ಮಾತಾಡುವವರಿಗೆ ಮಕ್ಕಳ ಹತ್ತಿರ ಮಾತಾಡು ಎಂದರೆ ನಾಚಿಕೆ. ಗುಲಾಬಕ್ಕನಿಗಂತೂ ತಲೆ ಎತ್ತಲೂ ಆಗುತ್ತಿರಲಿಲ್ಲ.

“ಉತ್ತರ ಕೊಡದ ಮಗುವಿನ ಹತ್ತಿರ ಎಂತ ಮಾತಾಡುವುದು ಟೀಚರಕ್ಕ? ಗೋಡೆಗೆ ಹೇಳಿದ ಹಾಗೆ ಆಗ್ತದೆ.”

“ಉತ್ತರ ಈಗ ಬೇಡ ಮಾರಾಯ್ತಿ. ನೀನು ಹೇಳ್ತಾ ಇರು. ಅವಳು ಒಳಗೆ ಕೂಡಿಸಿಟ್ಟುಕೊಳ್ತಾಳೆ.”

ಗುಲಾಬಕ್ಕನ ಬಾಯಿ ತೆರೆಯದಾಗ ಅಮ್ಮ ತಾನೇ ನಳಿನಿಯನ್ನು ಮಡಿಲಿಗೆ ಎಳೆದುಕೊಂಡು ಮಾಡಿ ತೋರಿಸುತ್ತಿದ್ದಳು. ಇದು ಎಲೆ. ಎಲೆ ಒದ್ದೆ ಉಂಟು, ಮುಟ್ಟಿ ನೋಡು, ತಂಪು. ಇದು ಕತ್ತರಿ. ಕತ್ತರಿ ಬಾಯಿ ತೆರೀತದೆ, ಈಗ ಮುಚ್ತದೆ. ನೋಡು, ಎಲೆ ಸಣ್ಣದಾಯ್ತು. ಹೀಗೆ, ಒಂದೊಂದನ್ನೂ ನಿಧಾನವಾಗಿ, ನಳಿನಿಯ ಮುಖವನ್ನೇ ನೋಡುತ್ತಾ, ಅವಳ ಹುಬ್ಬು ಅಲುಗಿದರೂ ಅದಕ್ಕೊಂದು ಉತ್ತರ ಕೊಡುತ್ತಾ. ನಾನು ಹೊಸ್ತಿಲಿನ ಒಳಗೆ ಬಾಗಿಲ ದಾರಂದಕ್ಕೆ ಒರಗಿ ನಿಂತು ಇದನ್ನೆಲ್ಲ ಕೇಳುತ್ತಿದ್ದೆ. ಅಮ್ಮನಿಗೆ ಇಂಥದ್ದೊಂದು ಸ್ವರ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಹಾಡಿನ ಸ್ವರ ಅಲ್ಲ, ಮಕ್ಕಳನ್ನು ಗದರುವ ಸ್ವರವೂ ಅಲ್ಲ. ತಗ್ಗಿದ, ಬೆಚ್ಚಗಿನ, ಒಬ್ಬರಿಗೆ ಮಾತ್ರ ಹೇಳುವ ಸ್ವರ. ಹಣ್ಣುಗಳ ಹೆಸರೆಲ್ಲ ಗೊತ್ತಿರುವ ನನಗೆ ಕೈಸನ್ನೆ, ಒಂದು ಶಬ್ದ ಬಾರದ ಇವಳಿಗೆ ಇಡೀ ಗಂಟಲು. ಸಂಜೆ ಅಮ್ಮ ಕಷಾಯ ಕುಡಿಯುವಾಗ, ನನಗೆ ಬರಬೇಕಾದ ಮಾತನ್ನೆಲ್ಲ ಆ ಹುಡುಗಿ ಕುಡಿದು ಹೋಗಿದ್ದಾಳೆ ಎಂದು ನನಗೆ ಖಾತ್ರಿಯಾಗಿತ್ತು. ಸೇಡಿಗೆ ನಾನು ನಳಿನಿಯ ತಟ್ಟೆಯಿಂದ ಬೆಲ್ಲದ ತುಂಡು ಎತ್ತಿ ತಿನ್ನುತ್ತಿದ್ದೆ. ಅವಳು ಯಾರಿಗೂ ಹೇಳಲಾರಳು ಎಂಬುದೊಂದೇ ಅವಳಿಂದ ನನಗಿದ್ದ ಪ್ರಯೋಜನ.

ಹಾಗೆ ನೋಡುತ್ತಾ ನೋಡುತ್ತಾ ನನಗೊಂದು ಉಪಾಯ ಹೊಳೆಯಿತು. ಮಾತಾಡದವರಿಗೆ ಅಮ್ಮನ ಮಾತು ಸಿಗುತ್ತದೆ ಎಂದಾದರೆ ನಾನೂ ಮಾತಾಡುವುದಿಲ್ಲ. ಒಂದು ದಿನ ಬೆಳಿಗ್ಗೆ ಎದ್ದವಳೇ ಬಾಯಿ ಮುಚ್ಚಿದೆ. ಅಜ್ಜಿ ದೋಸೆಗೆ ಕರೆದರೆ ತಲೆ ಅಲ್ಲಾಡಿಸಿದೆ. ಚಾವಡಿಯಲ್ಲಿ ಎಲ್ಲರೂ ಹಾಡುವಾಗ ತುಟಿ ಬಿಗಿದು ಕೂತೆ. ಅಮ್ಮ ಯಾವಾಗ ನೋಡುತ್ತಾಳೆ, ಯಾವಾಗ ಗಾಬರಿಯಾಗುತ್ತಾಳೆ, ಯಾವಾಗ ಮಡಿಲಿಗೆ ಎಳೆದುಕೊಂಡು ಇದು ಎಲೆ, ಇದು ಕತ್ತರಿ ಎನ್ನುತ್ತಾಳೆ ಎಂದು ಕಾದೆ. ಅವಳು ನೋಡಲಿಲ್ಲ. ನೋಡಲು ಕಾರಣವೂ ಇರಲಿಲ್ಲ, ಹಗಲು ಅವಳು ನನ್ನನ್ನು ಯಾವತ್ತೂ ಏನೂ ಕೇಳುತ್ತಿರಲಿಲ್ಲವಲ್ಲ. ಸಂಜೆಯಾದರೂ ತಿಳಿದೀತು ಎಂದುಕೊಂಡೆ. ಸಂಜೆ ಅವಳು ಎರಡು ಬೆರಳು ಗಲ್ಲಕ್ಕೆ ಮುಟ್ಟಿಸಿದಳು, ನಾನು ಹೋಗಿ ಗಂಜಿ ಉಂಡೆ. ಅಂಗೈ ತೆರೆದು ಮುಚ್ಚಿದಳು, ಕೋಳಿಗೂಡು ಹಾಕಿ ಬಂದೆ. ಕಿರುಬೆರಳು ಚಾಚಿದಳು, ಸಿಟ್ಟಿದ್ದರೂ ಹೋಗಿ ಕೂತೆ. ಮಾತಿಲ್ಲದೆ ನಡೆಯುವ ಮನೆಯಲ್ಲಿ ಮಾತು ಬಿಟ್ಟರೆ ಯಾರಿಗೆ ತಿಳಿಯಬೇಕು? ಮರುದಿನವೂ ಅದೇ ಕತೆ. ನನ್ನ ಮುಷ್ಕರ ನನ್ನೊಬ್ಬಳಿಗೆ ಮಾತ್ರ ಗೊತ್ತಿತ್ತು. ಅಷ್ಟು ದೊಡ್ಡ ಅವಮಾನ ನನಗೆ ಆ ಮೇಲೆ ಜೀವನದಲ್ಲಿ ಆದದ್ದಿಲ್ಲ.

ಕಂಡುಹಿಡಿದದ್ದು ಕೊನೆಗೆ ಗುಲಾಬಕ್ಕ. ಎಲೆ ಹೊತ್ತಿನಲ್ಲಿ ಮಗುವಿನ ಬಾಯಿಯನ್ನೇ ನೋಡುವ ಅಭ್ಯಾಸ ಅಷ್ಟರಲ್ಲಿ ಅವಳಿಗೆ ಆಗಿತ್ತು. ಆ ಕಣ್ಣು ನನ್ನ ಮೇಲೂ ಬಿತ್ತು. ನಿಮ್ಮ ಶಶಿ ನಿನ್ನೆಯಿಂದ ಬಾಯಿ ಬಿಟ್ಟದ್ದು ನಾನು ಕಾಣಲಿಲ್ಲ ಟೀಚರಕ್ಕ ಎಂದಳು. ಅಮ್ಮ ನನ್ನನ್ನು ಕರೆದು ಹಣೆ ಮುಟ್ಟಿ ನೋಡಿದಳು, ಬಾಯಿ ತೆರೆಸಿ ಗಂಟಲು ನೋಡಿದಳು. ಈಗ ಸುರುವಾಗುತ್ತದೆ ಎಂದುಕೊಂಡೆ. ಆದರೆ ಅವಳು ಒಳಗೆ ಅಜ್ಜಿಯ ಕಡೆ ತಿರುಗಿ, ಇವಳದ್ದು ಹಟ, ಹಸಿವಾದಾಗ ಬಾಯಿ ಬಿಡುತ್ತಾಳೆ ಎಂದಷ್ಟೇ ಹೇಳಿ ಮತ್ತೆ ನಳಿನಿಯ ಎದುರು ಕೂತಳು. ನಳಿನಿಯ ಮೌನಕ್ಕೆ ದಿನಗಟ್ಟಲೆ ತಾಳ್ಮೆ, ನನ್ನದಕ್ಕೆ ಒಂದು ಸಾಲು. ಅಜ್ಜಿ ಮಾತ್ರ ಬಿಡಲಿಲ್ಲ. ಈ ಮನೆಯ ಜಗಲಿಗೆ ಏನೋ ಸೋಂಕಿದೆ ಎಂದು ಹೇಳುತ್ತಾ ಬಜೆ ತೇದು ತಂದು ನನ್ನ ನಾಲಗೆಗೆ ತಿಕ್ಕಿದರು. ಅದರ ಖಾರ, ಕಹಿ ಎರಡೂ ಮೂಗಿಗೆ ಏರಿ ಕಣ್ಣಲ್ಲಿ ನೀರು ಬಂತು. ಆದರೂ ನಾನು ಮಾತಾಡಲಿಲ್ಲ. ಹಟ ಅಂದಿದ್ದಾಳಲ್ಲ, ಹಟ ಎಂದರೆ ಏನೆಂದು ತೋರಿಸುವ ಎಂದುಕೊಂಡೆ.

ನಾನು ಬಾಯಿ ಬಿಟ್ಟದ್ದು ಅದರ ಮರುದಿನ ಮಧ್ಯಾಹ್ನ. ಎಲೆ ಹೊತ್ತು ನಡೆದಿತ್ತು. ನಳಿನಿ ಎದ್ದು ಪಟಗಳಿದ್ದ ಗೋಡೆಯ ಕಡೆ ಹೋದವಳು ಚಾಪೆಯ ಅಂಚಿಗೆ ಕಾಲು ತಾಗಿ ದಡಕ್ಕನೆ ಬಿದ್ದಳು. ಮಂಡಿ ತರಚಿ ರಕ್ತ ಬಂತು. ಗುಲಾಬಕ್ಕ ಸೂಪು ಕೆಳಗಿಟ್ಟು ಎರಡೂ ಕೈ ಚಾಚಿದಳು. ಮಗು ಎದ್ದು, ಆ ಕೈಗಳನ್ನು ದಾಟಿ ನೇರ ನನ್ನ ಅಮ್ಮನ ಮಡಿಲಿಗೆ ಹೋಗಿ ಬಿತ್ತು. ಮುಖ ಎತ್ತಿ, ಸ್ಪಷ್ಟವಾಗಿ, ಅಮ್ಮ ಎಂದಿತು. ಹಗಲು ಹೊತ್ತಿನಲ್ಲಿ ಆ ಚಾವಡಿಯಲ್ಲಿ ನನಗೆ ಬಾಯಿ ಬಿಟ್ಟು ಹೇಳಲಾಗದ ಒಂದೇ ಶಬ್ದ ಅದು. ಅದನ್ನು ಇವಳು ಹೇಳಿದ್ದಳು, ಅದೂ ಮೊದಲನೇ ಶಬ್ದವಾಗಿ, ಅದೂ ನನ್ನ ಅಮ್ಮನಿಗೆ. ನಾನು ಹೊಸ್ತಿಲು ದಾಟಿ ಓಡಿ ಬಂದು, ಅದು ನನ್ನ ಅಮ್ಮ, ನಿನ್ನದಲ್ಲ ಎಂದು ಕಿರುಚಿ ಅವಳ ರಟ್ಟೆ ಹಿಡಿದು ಎಳೆದೆ. ಅಮ್ಮ ನನ್ನ ಕೈಯನ್ನು ಬಿಡಿಸಿ, ನಳಿನಿಯ ಗಲ್ಲ ಹಿಡಿದು ಗುಲಾಬಕ್ಕನ ಕಡೆ ತಿರುಗಿಸಿ, ಅಮ್ಮ ಅಲ್ಲಿ, ನೋಡು, ನಾನು ಟೀಚರ್ ಎಂದಳು. ನಳಿನಿ ತಿರುಗಲಿಲ್ಲ. ಮುಖವನ್ನು ಅಮ್ಮನ ಸೆರಗಿನಲ್ಲಿ ಹುದುಗಿಸಿ ಇನ್ನೊಮ್ಮೆ ಅದನ್ನೇ ಹೇಳಿದಳು. ಆಗ ನಾನು ಗುಲಾಬಕ್ಕನ ಮುಖ ನೋಡಿದೆ. ಅವಳ ಕೈ ಇನ್ನೂ ಚಾಚಿಕೊಂಡೇ ಇತ್ತು. ಮಗು ಮಾತಾಡಿತೆಂಬ ಸಂತೋಷ ಆ ಮುಖದಲ್ಲಿ ಎಲ್ಲೂ ಇರಲಿಲ್ಲ. ಅಲ್ಲಿ ಇದ್ದದ್ದು ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಎಲೆಗಳನ್ನು ಸೂಪಿಗೆ ತುಂಬಿ, ಮಗುವನ್ನು ಕಿತ್ತುಕೊಂಡಂತೆ ಎತ್ತಿ ಸೊಂಟಕ್ಕೆ ಇಟ್ಟುಕೊಂಡು ಹೋದಳು.

ಮರುದಿನ ಗುಲಾಬಕ್ಕ ಬರಲಿಲ್ಲ, ಅದರ ಮರುದಿನವೂ ಇಲ್ಲ. ಗಂಟೆ ಕಟ್ಟಿಸುವ ದಿನ ಯಾವುದೆಂದು ಅಜ್ಜಿ ಲೆಕ್ಕ ಹಾಕುತ್ತಿದ್ದರು, ಅಮ್ಮ ಕಷಾಯವನ್ನೂ ಕುಡಿಯದೆ ಗುಡ್ಡೆಯ ಕಡೆ ನೋಡುತ್ತಿದ್ದಳು. ನನಗೆ ಒಳಗೊಳಗೇ ಹಬ್ಬ. ಆದರೆ ಮೂರನೆಯ ಸಂಜೆ ಮಕ್ಕಳೆಲ್ಲ ಹೋದ ಮೇಲೆ ಅಮ್ಮ ಚಪ್ಪಲಿ ಮೆಟ್ಟಿ, ಒಂದು ಕೈಯಲ್ಲಿ ಹೆಸರುಕಾಳಿನ ಪೊಟ್ಟಣ ಹಿಡಿದು, ಇನ್ನೊಂದು ಕೈಯ ಕಿರುಬೆರಳನ್ನು ನನಗೆ ಚಾಚಿ ಗುಡ್ಡೆ ಹತ್ತಿದಳು. ಬೆಳಗಿನಿಂದ ಮಾತಾಡಿ ಮಾತಾಡಿ ಅವಳ ಗಂಟಲು ಎಂದಿನಂತೆ ಬಿದ್ದಿತ್ತು. ಗುಲಾಬಕ್ಕ ಅಂಗಳದಲ್ಲಿ ಬೀಡಿ ಕಟ್ಟುತ್ತಾ ಕೂತಿದ್ದಳು. ಪಕ್ಕದಲ್ಲಿ ನಳಿನಿ, ಮೊದಲಿನ ಹಾಗೆಯೇ ಬಾಯಿ ಮುಚ್ಚಿಕೊಂಡು. ನಮ್ಮನ್ನು ಕಂಡು ಗುಲಾಬಕ್ಕ ಚಾಪೆ ಹಾಕಿದಳು, ಆದರೆ ಮುಖ ಎತ್ತಲಿಲ್ಲ. ಅವಳು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಹೆತ್ತದ್ದು ನಾನು. ಹೊಟ್ಟೆಗೆ ಹಾಕುವುದು ನಾನು. ನೀವು ನಾಲ್ಕು ದಿನ ಮಡಿಲಲ್ಲಿ ಕೂರಿಸಿಕೊಂಡದ್ದಕ್ಕೆ ನೀವು ಅಮ್ಮ ಆದ್ರಿ. ನನ್ನಿಂದ ನಿಮ್ಮ ಹಾಗೆ ಮಾತಾಡ್ಲಿಕ್ಕೆ ಆಗುವುದಿಲ್ಲ ಟೀಚರಕ್ಕ. ಅವಳಿಗೆ ಮಾತು ಬಾರದಿದ್ರೂ ಅಡ್ಡಿಯಿಲ್ಲ, ನನ್ನ ಹತ್ತಿರ ಇರ್ಲಿ.”

ಅಮ್ಮ ಬಾಯಿ ತೆರೆದಳು. ಗಾಳಿ ಮಾತ್ರ ಬಂತು. ಕೆಮ್ಮಿ ಇನ್ನೊಮ್ಮೆ ಪ್ರಯತ್ನಿಸಿದಳು, ಆಗಲಿಲ್ಲ. ಆಗ ಅವಳು ಕೈ ಎತ್ತಿದಳು. ತನ್ನನ್ನು ತೋರಿಸಿ ಅಂಗೈಯನ್ನು ಕೆಳಗೆ ಇಳಿಸಿದಳು, ಗುಲಾಬಕ್ಕನನ್ನು ತೋರಿಸಿ ಅಂಗೈಯನ್ನು ಮೇಲೆ ಎತ್ತಿದಳು. ನಳಿನಿಯ ಬಾಯಿಯನ್ನು, ಗುಲಾಬಕ್ಕನ ಬಾಯಿಯನ್ನು ಬೆರಳಿನಿಂದ ಜೋಡಿಸಿದಳು. ಗುಲಾಬಕ್ಕ ಕಕ್ಕಾಬಿಕ್ಕಿಯಾಗಿ ಆ ಕೈಗಳನ್ನೇ ನೋಡಿದಳು. ಅವಳಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಅಮ್ಮ ನನ್ನ ಕಡೆ ತಿರುಗಿ ಕಿವಿಯ ತುದಿ ಎಳೆದುಕೊಂಡಳು. ಹೇಳು ಎಂದು. ಅಮ್ಮ ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಗಿತ್ತು. ಇನ್ನು ಮುಂದೆ ನಾನು ಸ್ವಲ್ಪ ಕಡಿಮೆ ಮಾತಾಡುತ್ತೇನೆ, ನೀನು ಸ್ವಲ್ಪ ಹೆಚ್ಚು ಮಾತಾಡು ಎಂದು. ಆದರೆ ನನ್ನ ಬಾಯಿಂದ ಬಂದದ್ದು ಬೇರೆಯೇ.

“ನಾಳೆಯಿಂದ ನಳಿನಿ ಹತ್ತಿರ ಟೀಚರ್ ಮಾತಾಡುವುದೇ ಇಲ್ಲಂತೆ. ಮಡಿಲಲ್ಲಿಯೂ ಕೂರಿಸುವುದಿಲ್ಲಂತೆ. ಎಲ್ಲ ನೀವೇ ಮಾಡ್ಬೇಕಂತೆ ಗುಲಾಬಕ್ಕ.”

ಅಮ್ಮ ನನ್ನ ಮುಖ ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ನನಗೆ ಅಲ್ಲಿಂದ ಓಡಿಹೋಗುವ ಅನಿಸಿತು. ಅವಳಿಗೆ ತಲೆ ಅಲ್ಲಾಡಿಸಿ ಅಲ್ಲ ಎನ್ನಬಹುದಿತ್ತು, ಅದಕ್ಕೆ ಗಂಟಲು ಬೇಕಿರಲಿಲ್ಲ. ಆದರೆ ಅವಳು ಗುಲಾಬಕ್ಕನ ಕಡೆ ತಿರುಗಿ ಹೌದೆಂದು ತಲೆಯಾಡಿಸಿದಳು. ಗುಲಾಬಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಚಹಾ ಇಡಲು ಎದ್ದಳು.

ಅಮ್ಮ ಆ ಮಾತು ಉಳಿಸಿಕೊಂಡಳು. ಮರುದಿನ ಗುಲಾಬಕ್ಕ ಸೂಪು ಹಿಡಿದು ಬಂದಾಗ ನಳಿನಿ ಓಡಿ ಬಂದು ಅಮ್ಮನ ಸೀರೆ ಹಿಡಿದಳು. ಅಮ್ಮ ಮೆಲ್ಲನೆ ಬೆರಳು ಬಿಡಿಸಿ ಒಯ್ದು ತಾಯಿಯ ಎದುರು ಕೂರಿಸಿ, ತಾನು ಮಾರು ದೂರ ಹೋಗಿ ಕೂತಳು. ಮಗು ಅತ್ತಿತು, ಅಮ್ಮ ಗೋಡೆಯ ಕಡೆ ಮುಖ ಮಾಡಿದಳು. ನೋಡಲು ನನಗೆ ಬಹಳ ಹಿತವಾಗಿತ್ತು. ಗುಲಾಬಕ್ಕ ಮೊದಲು ಎಲೆಯನ್ನು ನೋಡಿಕೊಂಡೇ, ಯಾರಿಗೂ ಕೇಳಿಸದ ಹಾಗೆ, ಇದು ಎಲೆ ಎಂದಳು. ಆ ಮೇಲೆ ಸ್ವಲ್ಪ ಜೋರಾಗಿ. ಕೆಲವು ದಿನಗಳಲ್ಲಿ ಅವಳಿಗೆ ಬಾಯಿ ಬಂತು, ಅಮ್ಮನದಕ್ಕಿಂತ ಬೇರೆ ತರಹದ್ದು. ಎಲೆಯ ಹತ್ತಿರವೇ ಮಾತಾಡುತ್ತಾ, ಓ ಎಲೆಯೇ, ನೀನು ಇವತ್ತು ಹರಿದುಹೋದ್ರೆ ಬೀಡಿ ಬ್ರಾಂಚಿನವರು ನನಗೆ ಬೈತಾರೆ, ನಳಿನಿ, ನೀನೇ ಇದಕ್ಕೆ ಬುದ್ಧಿ ಹೇಳು ಎನ್ನುತ್ತಿದ್ದಳು. ಒಂದು ದಿನ ನಳಿನಿ ಎಲೆಗೆ ಬುದ್ಧಿ ಹೇಳಿದಳು. ಮತ್ತೆ ಅವಳ ಬಾಯಿ ಮುಚ್ಚಲಿಲ್ಲ. ಅಜ್ಜಿ ಎಲ್ಲರನ್ನೂ ಜೀಪಿನಲ್ಲಿ ತುಂಬಿಸಿಕೊಂಡು ಹೋಗಿ ಗಂಟೆ ಕಟ್ಟಿಸಿ ಬಂದರು. ಅದು ಬಜೆಯ ಗುಣ ಎಂದು ಕೊನೆಯ ತನಕ ನಂಬಿದ್ದರು. ನನ್ನ ತರ್ಜುಮೆಯ ವಿಷಯವನ್ನು ಅಮ್ಮ ಎತ್ತಲೇ ಇಲ್ಲ, ನಾನೂ ಎತ್ತಲಿಲ್ಲ. ಆದರೆ ಆ ಸಂಜೆಯಿಂದ, ಗಂಟಲು ಬಿದ್ದಾಗ ಮನೆಗೆ ಯಾರಾದರೂ ತಾಯಂದಿರು ಬಂದರೆ, ಅಮ್ಮ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಿವಿಯ ತುದಿ ಎಳೆದುಕೊಳ್ಳುತ್ತಿದ್ದಳು. ನನಗೆ ಚಾವಡಿಯಲ್ಲಿ ಒಂದು ಜಾಗ ಆಯಿತು. ಟೀಚರ್ ಎಂದು ಕರೆಯುವ ಕಾನೂನು ಮಾತ್ರ ಬದಲಾಗಲಿಲ್ಲ.

ಇದೆಲ್ಲ ಮುಗಿದು ಇಷ್ಟು ವರ್ಷ ಆಗಿ ನನ್ನ ಹೊಟ್ಟೆಕಿಚ್ಚು ತಣಿದಿದೆ ಎಂದು ಬರೆದರೆ ಓದುವವರಿಗೆ ಹಿತವಾದೀತು. ತಣಿದಿಲ್ಲ. ನಳಿನಿ ಮದುವೆಯಾಗಿ ವಿಟ್ಲದಲ್ಲಿದ್ದಾಳೆ, ಅಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದಾಳೆ, ಊರಿಡೀ ಕೇಳುವ ಹಾಗೆ ಮಾತಾಡುತ್ತಾಳೆ. ವಾರಕ್ಕೊಮ್ಮೆ ಅಮ್ಮನಿಗೆ ಫೋನು. ಫೋನು ಬಂದರೆ ಅಮ್ಮ ಕುರ್ಚಿ ಎಳೆದು ಕೂತು ಗಂಟೆಗಟ್ಟಲೆ ನಗುತ್ತಾಳೆ. ಇಟ್ಟ ಮೇಲೆ ನಾನು ಏನಾದರೂ ಕೇಳಿದರೆ ಗಂಟಲು ಮುಟ್ಟಿ ತೋರಿಸುತ್ತಾಳೆ. ನಾನು ಈಗಲೂ ಅಮ್ಮನ ಜೊತೆ ಇದೇ ಮನೆಯಲ್ಲಿ ಇದ್ದೇನೆ, ನನಗೆ ಐವತ್ತು ಹತ್ತಿರ ಬಂತು, ಕಾಲೇಜಿಗೆ ಹೋಗುವ ಮಗ ಇದ್ದಾನೆ, ಆದರೂ ಆ ಫೋನು ರಿಂಗಾದಾಗ ನಾನು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಡುತ್ತೇನೆ.

ಕಳೆದ ತಿಂಗಳು ಅಮ್ಮನ ಗಂಟಲಿಗೆ ಶಸ್ತ್ರಚಿಕಿತ್ಸೆ ಆಯಿತು. ಹೆದರುವಂಥದ್ದೇನಿಲ್ಲ, ಆದರೆ ಸ್ವಲ್ಪ ಸಮಯ ಒಂದು ಶಬ್ದವನ್ನೂ ಆಡಬಾರದು ಎಂದು ಡಾಕ್ಟರು ಹೇಳಿದರು. ಮನೆಗೆ ಕರೆದುಕೊಂಡು ಬಂದ ಮರುದಿನವೇ ನಳಿನಿ ವಿಟ್ಲದಿಂದ ಬಂದಳು. ಗುಲಾಬಕ್ಕ ಈಗ ಮಗಳ ಜೊತೆ ವಿಟ್ಲದಲ್ಲೇ ಇದ್ದಾಳೆ, ಬಸ್ಸು ಆಗುವುದಿಲ್ಲವೆಂದು ಬಂದಿರಲಿಲ್ಲ. ನಳಿನಿಯ ತೋಳಿನಲ್ಲಿ ಅವಳ ಮಗಳ ಮಗು, ಮೂರು ತಿಂಗಳಿನದ್ದು. ಬಾಗಿಲಿನಿಂದಲೇ ಮಾತು ಸುರುಮಾಡಿದವಳು ಅಮ್ಮನ ಮಂಚದ ಪಕ್ಕ ಕೂತು ಇನ್ನೂ ಮಾತಾಡಿದಳು. ಅಮ್ಮ ಮಗುವನ್ನು ಮಡಿಲಿಗೆ ತೆಗೆದುಕೊಂಡು ಕೈಸನ್ನೆಯಲ್ಲಿ ಏನೋ ಕೇಳಿದಳು. ನಳಿನಿ ನೀರು ಬೇಕಾ ಎಂದಳು, ದಿಂಬು ಬೇಕಾ ಎಂದಳು, ಮಗುವನ್ನು ಹಿಂದೆ ಕೊಡುತ್ತೀರಾ ಎಂದಳು. ಅಮ್ಮ ಪ್ರತಿಯೊಂದಕ್ಕೂ ತಲೆ ಅಲ್ಲಾಡಿಸಿದಳು. ನಾನು ಬಾಗಿಲ ದಾರಂದಕ್ಕೆ ಒರಗಿ ನಿಂತು ಸ್ವಲ್ಪ ಹೊತ್ತು ಹಾಗೆಯೇ ನೋಡಿದೆ. ಅವಸರ ಏನಿತ್ತು? ಆ ಮೇಲೆ ಹೇಳಿದೆ, ಮಗುವಿನ ತಾಯಿ ಮಗುವಿನ ಹತ್ತಿರ ಮಾತಾಡುತ್ತಾಳಾ, ಇಲ್ಲ ಯಾವಾಗಲೂ ಮೊಬೈಲಿನಲ್ಲಿಯೇ ಇರುತ್ತಾಳಾ ಎಂದು ಅಮ್ಮ ಕೇಳುತ್ತಿದ್ದಾಳೆ ಎಂದು. ಅಮ್ಮ ಹೌದೆಂದು ತಲೆಯಾಡಿಸಿದಳು. ಮುಂದೆ ಅವಳು ಕೈಯಲ್ಲಿ ಹೇಳಿದ್ದನ್ನೆಲ್ಲ ನಾನು ಬಾಯಲ್ಲಿ ಹೇಳುತ್ತಾ ಹೋದೆ, ನಳಿನಿ ಒಮ್ಮೆ ಅಮ್ಮನ ಬೆರಳುಗಳನ್ನು, ಒಮ್ಮೆ ನನ್ನ ಮುಖವನ್ನು ನೋಡುತ್ತಾ ಹೋದಳು.

“ನಿನಗೆ ಹೇಗೆ ಗೊತ್ತಾಗ್ತದೆ ಶಶಿ? ಇಷ್ಟು ವರ್ಷದಿಂದ ಟೀಚರ್ ಹತ್ತಿರ ಮಾತಾಡ್ತಾ ಇದ್ದೇನೆ. ನನಗೆ ಒಂದೂ ತಿಳಿಯುವುದಿಲ್ಲ.”

ಆ ಸ್ವರ ನನಗೆ ಪರಿಚಯದ್ದು. ಅದನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ. ಅವಳ ಬಾಯಿಂದ ಅದು ಬಂದದ್ದು ಕೇಳಿ ನನಗೆ ಎಷ್ಟು ಸಂತೋಷವಾಯಿತು ಎಂದರೆ, ಅಡುಗೆಮನೆಗೆ ಹೋಗಿ ಅವಳಿಗೆ ಇನ್ನೊಂದು ಲೋಟ ಚಹಾ ತಂದುಕೊಟ್ಟೆ.

ಚಹಾ ಮುಗಿಯಿತು. ಮಗುವನ್ನು ನಳಿನಿಯ ಕೈಗೆ ಕೊಟ್ಟ ಅಮ್ಮ ದಿಂಬಿಗೆ ಒರಗಿ, ಕಿರುಬೆರಳನ್ನು ಸ್ವಲ್ಪ ಮಡಿಸಿ ನನ್ನ ಕಡೆಗೆ ಚಾಚಿದಳು. ಅದು ಎಂತ ಹೇಳಿದ್ದು ಎಂದು ನಳಿನಿ ಕೇಳಿದಳು.

“ಎಂತ ಇಲ್ಲ. ಚಾವಡಿಯ ಫ್ಯಾನ್ ಹಾಗೇ ತಿರುಗ್ತಾ ಉಂಟಂತೆ, ಹೋಗಿ ಬಂದ್ ಮಾಡಿ ಬರ್ಬೇಕಂತೆ” ಎಂದೆ.

ಅಮ್ಮ ನನ್ನ ಮುಖ ನೋಡಿದಳು, ಗುಡ್ಡೆಯ ಮೇಲೆ ಅಂದು ನೋಡಿದ ಹಾಗೆಯೇ. ಆ ಮೇಲೆ ನಳಿನಿಯ ಕಡೆ ತಿರುಗಿ ಹೌದೆಂದು ತಲೆಯಾಡಿಸಿದಳು. ನಳಿನಿ ಮಗುವನ್ನು ಎತ್ತಿಕೊಂಡು ಹೊಸ್ತಿಲು ದಾಟಿ ಚಾವಡಿಗೆ ಹೋದಳು. ನಾನು ಹೋಗಿ ಅಮ್ಮನ ಬೆರಳು ಹಿಡಿದು ಕೂತೆ.